ಪಾಳಿ ಪಟ್ಟಿ ಬರುವ ತನಕ

ಶ್ರೀವಾಣಿಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರಾಚೆ ಲಾರಿಗಳ ಅಂಗಳ, ಅಂಗಳದಾಚೆ ಸಂಡೂರಿನ ಗುಡ್ಡಗಳ ಕಡೆ ಹೋಗುವ ರಸ್ತೆ. ಅದಿರಿನ ಲಾರಿಗಳು ಹಗಲಿಡೀ ಓಡಾಡುವುದರಿಂದ ಅವಳು ಬೆಳಿಗ್ಗೆ ಒರೆಸಿದ ಕೀಬೋರ್ಡಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಂಪು ಕೂತಿರುತ್ತಿತ್ತು. ಒರೆಸುವ ಬಟ್ಟೆಯನ್ನು ಎಷ್ಟು ಒಗೆದರೂ ಅದರ ಮೊದಲಿನ ಬಣ್ಣ ಮರಳುತ್ತಿರಲಿಲ್ಲ. ಹೊಸಪೇಟೆಯ ಹೊರಗಿದ್ದ ಆ ಲಾರಿ ಮಾಲೀಕರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೊಬ್ಬಳೇ. ಇಡೀ ಕಚೇರಿಗೆ ಹೆಂಗಸೂ ಅವಳೊಬ್ಬಳೇ. ಅವಳನ್ನು ಕಂಡರೆ ಡ್ರೈವರುಗಳು ಬೀಡಿ ಆರಿಸುತ್ತಿದ್ದರು, ಮಾತು ನಿಲ್ಲಿಸುತ್ತಿದ್ದರು. ಅದು ಮರ್ಯಾದೆ. ಆದರೆ ತಾನು ಬಂದ ಕಡೆಯೆಲ್ಲ ಮಾತು ನಿಲ್ಲುವುದನ್ನು ದಿನವೂ ಕೇಳುತ್ತಾ ಇರುವುದು ಸುಲಭವಲ್ಲ.

ಅವಳಿಗೆ ನಲವತ್ತು ದಾಟಿತ್ತು. ಅಪ್ಪ ಕಮಲಾಪುರದಲ್ಲಿ ಮಾಸ್ತರರಾಗಿದ್ದರು. ಮದುವೆಯ ಮಾತು ಬಂದಾಗ ಕೆಲವು ಕಡೆ ಜಾತಕ ಕೂಡಲಿಲ್ಲ, ಕೂಡಿದ ಕಡೆ ಹುಡುಗನ ಮನೆಯವರಿಗೆ ಮನಸ್ಸಾಗಲಿಲ್ಲ. ಹೀಗೆ ವರ್ಷಗಳು ಸರಿದು, ಆ ಮಾತು ಎತ್ತುವವರೇ ಇಲ್ಲದಾದರು. ಅಪ್ಪ ಅಮ್ಮ ಹೋದ ಮೇಲೆ ತಮ್ಮ ಭಾರ್ಗವ್ ಸಂಸಾರ ಕಟ್ಟಿಕೊಂಡು ರಾಯಚೂರಿನಲ್ಲಿ ನೆಲೆಯಾದ. ಅವಳು ರಾಣಿಪೇಟೆಯಲ್ಲಿ ಸೀತಾಬಾಯಿ ಎಂಬ ಮಡಿವಂತ ಮುದುಕಿಯ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಮೊದಲು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಡೇಟಾಬೇಸ್ ಕಲಿಸುತ್ತಿದ್ದಳು. ಕೇಂದ್ರ ಮುಚ್ಚಿತು. ಗಣಿಯ ಭರಾಟೆಯಲ್ಲಿ ಸಂಘಕ್ಕೆ ಕಂಪ್ಯೂಟರ್ ಬಲ್ಲವರು ಬೇಕಾಗಿದ್ದರು, ಅವಳಿಗೆ ಕೆಲಸ ಬೇಕಾಗಿತ್ತು.

ಸಂಘದಲ್ಲಿ ಒಂದು ಕಟ್ಟಳೆ ಇತ್ತು. ನಾಳೆ ಗುಡ್ಡಕ್ಕೆ ಯಾವ ಲಾರಿ ಮೊದಲು ಹೋಗಬೇಕು ಎಂಬುದನ್ನು ಯಾರ ದೊಡ್ಡಸ್ತಿಕೆಯೂ ತೀರ್ಮಾನಿಸಬಾರದು. ದೀಪಾವಳಿಯ ಪಾಡ್ಯದಿಂದ ಇಂದಿನವರೆಗೆ ಯಾವುದು ಎಲ್ಲಕ್ಕಿಂತ ಕಡಿಮೆ ಅದಿರು ಹೊತ್ತಿದೆಯೋ ಅದಕ್ಕೆ ಮೊದಲ ಪಾಳಿ. ಪ್ರತಿ ಸಂಜೆ ಆ ಪಾಳಿ ಪಟ್ಟಿ ಕಂಪ್ಯೂಟರಿನಿಂದ ಹೊರಡಬೇಕು, ಕಾರ್ಯದರ್ಶಿ ಎರ್ರಿಯಪ್ಪ ಅದನ್ನು ಮೈಕಿನಲ್ಲಿ ಕೂಗಬೇಕು, ಕೂಗಿದಾಗ ಮಾಲೀಕರು ಅಂಗಳದಲ್ಲಿ ಖುದ್ದಾಗಿ ಇದ್ದು "ಇದ್ದೀನ್ರಿ" ಅನ್ನಬೇಕು. ಹಾಗೆ ಹೇಳದವರ ಪಾಳಿ ಕೆಳಗಿಳಿಯುತ್ತಿತ್ತು.

ಅಂಗಳದ ಪಕ್ಕದಲ್ಲೇ ಅದಿರು ಸುರಿಯುವ ಬಯಲು. ಎರಡರ ನಡುವೆ ಲಾರಿ ತೂಗುವ ವೇಬ್ರಿಡ್ಜ್. ಲಾರಿ ತುಂಬಿ ಬಂದಾಗ ಒಮ್ಮೆ ಅದರ ಮೇಲೆ ಹತ್ತುತ್ತದೆ, ಸುರಿದು ಹಿಂದಿರುಗುವಾಗ ಖಾಲಿಯಾಗಿ ಇನ್ನೊಮ್ಮೆ. ತುಂಬಿದ ತೂಕ ಡೇಟಾಬೇಸಿನ ಒಂದು ಟೇಬಲ್ಲಿಗೆ, ಖಾಲಿ ತೂಕ ಇನ್ನೊಂದಕ್ಕೆ. ಪಟ್ಟಿ ಬೇಕೆಂದಾಗ ಯಂತ್ರ ಪಾಡ್ಯದ ದಿನದ ಮೊದಲ ಟ್ರಿಪ್ಪಿನಿಂದ ಶುರುಮಾಡಿ, ಒಂದೊಂದಕ್ಕೂ ಎರಡು ಕಡೆಯಿಂದ ಎರಡು ತೂಕ ಹುಡುಕಿ ತಂದು, ಕಳೆದು, ಲಾರಿವಾರು ಕೂಡಿಸಬೇಕು. ನಿನ್ನೆ ಕೂಡಿಸಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಇವತ್ತು ಮತ್ತೆ ಮೊದಲಿನಿಂದ. ದೀಪಾವಳಿ ಕಳೆದ ಹೊಸತರಲ್ಲಿ ಬೇಗ ಮುಗಿಯುವ ಕೆಲಸ, ವರ್ಷ ಬೆಳೆದಂತೆ ತೆವಳತೊಡಗುತ್ತಿತ್ತು. ಶ್ರೀವಾಣಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ತಾರೀಖಿನ ಮೇಲೆ ಇಂಡೆಕ್ಸ್ ಹಾಕಿ ನೋಡಿದ್ದಳು. ಬೇಕಾದ ಒಂದು ದಿನವನ್ನು ನೇರವಾಗಿ ಹೋಗಿ ಮುಟ್ಟಲು ಇಂಡೆಕ್ಸ್ ಒಳ್ಳೆಯದು. ಎಲ್ಲ ದಿನಗಳೂ ಬೇಕೆಂದಾಗ ಯಾವುದನ್ನು ಬಿಟ್ಟು ನಡೆ ಎಂದು ಅದಾದರೂ ಹೇಗೆ ಹೇಳೀತು? ಮಳೆಗಾಲ ಕಳೆಯುವ ಹೊತ್ತಿಗೆ ಪಟ್ಟಿ ಬರಲು ಒಂದು ತಾಸಿಗೂ ಮೀರಿ ಹಿಡಿಯುತ್ತಿತ್ತು.

ಆ ತಾಸಿನಲ್ಲಿ ಅಂಗಳ ತುಂಬುತ್ತಿತ್ತು. ಗೇಟಿನ ಬಳಿ ಮಿರ್ಚಿ ಗಾಡಿ ಬಂದು ನಿಲ್ಲುತ್ತಿತ್ತು. ಮಾಲೀಕರು ಮಂಡಕ್ಕಿ ಮಿರ್ಚಿ ತಿನ್ನುತ್ತಾ, ಯಂತ್ರವನ್ನು ಬೈಯುತ್ತಾ, ಟೈರಿನ ಮೇಲೆ, ಕಲ್ಲಿನ ಮೇಲೆ ಕೂತಿರುತ್ತಿದ್ದರು. ಮತ್ತು ಆ ತಾಸಿನಲ್ಲಿ ಸುಂಕಲಮ್ಮ ಶ್ರೀವಾಣಿಯ ಕೋಣೆಗೆ ಬರುತ್ತಿದ್ದಳು.

ಸುಂಕಲಮ್ಮ ಮೆಟ್ರಿಯವಳು. ಅವಳ ಗಂಡ ಬೇರೆಯವರ ಲಾರಿಗಳನ್ನು ಓಡಿಸಿ ಓಡಿಸಿ, ಕೊನೆಗೆ ಹಳೆಯದೊಂದನ್ನು ಸ್ವಂತ ಮಾಡಿಕೊಂಡು, ಅದರಲ್ಲಿ ಒಂದು ವರ್ಷವೂ ಕೂರದೆ ಕಾಮಾಲೆಯಲ್ಲಿ ತೀರಿಕೊಂಡಿದ್ದ. ಈಗ ಅದನ್ನು ಅವಳ ಅಣ್ಣನ ಮಗ ಓಡಿಸುತ್ತಿದ್ದ. ಅವನು ಗುಡ್ಡದ ಮೇಲಿನ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತಿದ್ದುದರಿಂದ "ಇದ್ದೀನ್ರಿ" ಅನ್ನಲು ಅವಳೇ ದಿನಾ ಕಂಪ್ಲಿಯ ಮೇಲೆ ಬಸ್ಸು ಹಿಡಿದು ಬರುತ್ತಿದ್ದಳು. ಗಂಡಸರ ಗುಂಪಿನ ಅಂಚಿನಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದವಳನ್ನು ಒಂದು ದಿನ ಶ್ರೀವಾಣಿ ಕಿಟಕಿಯಿಂದ ಕರೆದಳು.

"ಒಳಗ ಬರ್ರಿ, ಧೂಳಿನಾಗ ಯಾಕ ನಿಂತೀರಿ? ಕುರ್ಚಿ ಅದ, ಕುಂದ್ರಿ."

"ನೆಲದ ಮ್ಯಾಲೆ ಕುಂದರ್ತೀನ್ರಿ ಅಮ್ಮಾರ. ಕುರ್ಚಿ ಮ್ಯಾಲೆ ಕುಂತ್ರ ಕಾಲು ಜೋತಾಡಿ ನನಗ ನಿದ್ದಿ ಬರತೈತಿ."

ಅಂದಿನಿಂದ ದಿನವೂ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂರುವಳು. ಬರುವಾಗ ಏನಾದರೂ ತರುವಳು: ಹಸಿ ಶೇಂಗಾ, ಎಳೆ ಸೌತೆಕಾಯಿ, ಪೇರಲಹಣ್ಣು. ಬೇಯಿಸಿದ್ದನ್ನು ಎಂದೂ ತರಲಿಲ್ಲ. ತರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಈಗ ಏನ್ ಮಾಡಾಕ ಹತ್ತೈತ್ರಿ ಅದು?" ಎಂದು ಕಂಪ್ಯೂಟರಿನ ಕಡೆ ಗದ್ದ ಎತ್ತಿ ಕೇಳುವಳು.

"ಕೂಡಸ್ಲಿಕ್ಕೆ ಹತ್ತ್ಯದ."

"ನಿನ್ನೇನೂ ಅದನ್ನ ಕೂಡಸ್ತಿತ್ತಲ್ರಿ!"

"ನಿನ್ನೇದು ಮರ್ತದ."

"ನಮ್ಮತ್ತಿ ಹಿಂಗ ಇದ್ಲು ನೋಡ್ರಿ. ಮುಂಜಾನಿ ಉಂಡಿದ್ದು ಮಧ್ಯಾನಕ್ಕ ಮರ್ತು, ಸೊಸಿ ಕೂಳು ಹಾಕಿಲ್ಲ ಅಂತ ಓಣಿ ತುಂಬ ಹೇಳ್ಕೊಂಡ್ ಬರಾಕಿ. ಓಣ್ಯಾಗಿನವ್ರು ಪಾಪ ಅಂತ ಮತ್ತೊಮ್ಮೆ ಉಣಸಾವ್ರು. ನಾ ಕೆಟ್ಟಾಕಿ, ಆಕಿ ದಪ್ಪಾದ್ಲು!"

ಶ್ರೀವಾಣಿ ನಗುತ್ತಿದ್ದಳು. ತನ್ನ ನಗುವಿನ ಸದ್ದು ಅವಳಿಗೇ ಹೊಸದಾಗಿ ಕೇಳುತ್ತಿತ್ತು. ದಿನದ ಉಳಿದ ಹೊತ್ತೆಲ್ಲ ಅವಳ ಬಾಯಿಂದ ಹೊರಡುತ್ತಿದ್ದುದು ಲಾರಿ ನಂಬರುಗಳು ಮಾತ್ರ. ರಾಣಿಪೇಟೆಯ ಕೋಣೆಯಲ್ಲಿ ಅವೂ ಇರುತ್ತಿರಲಿಲ್ಲ.

ಪಟ್ಟಿ ತಡವಾಗತೊಡಗಿದಂತೆ ಮೆಟ್ರಿಗೆ ನೇರ ಹೋಗುವ ಕಡೆಯ ಬಸ್ಸು ಸುಂಕಲಮ್ಮನಿಗೆ ತಪ್ಪತೊಡಗಿತು. ಮೊದಲ ಸಲ ತಪ್ಪಿದಾಗ ಶ್ರೀವಾಣಿ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಅನ್ನ ಸಾರು ಮಾಡಿ ಬಡಿಸಿದಳು, ಚಾಪೆ ಹಾಸಿ ಕೊಟ್ಟಳು. ಇನ್ನೊಬ್ಬರು ಉಸಿರಾಡುವ ಕೋಣೆಯಲ್ಲಿ ಮಲಗಿ ಅವಳಿಗೆ ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆ ಸುಂಕಲಮ್ಮ ಹೊರಟ ಮೇಲೆ ಸೀತಾಬಾಯಿ ಕೊಡದಲ್ಲಿ ನೀರು ತಂದು, ಹಿಂದಿನ ಕೋಣೆಯ ಹೊಸ್ತಿಲಿನಿಂದ ಬೀದಿ ಬಾಗಿಲವರೆಗೆ ಸುರಿದು ತೊಳೆದಳು. ಮರೆತ ಚೀಲಕ್ಕೆಂದು ತಿರುಗಿ ಬಂದ ಸುಂಕಲಮ್ಮ ಅದನ್ನು ಕಂಡಳು. ಚೀಲ ತೆಗೆದುಕೊಂಡು, ಒದ್ದೆ ನೆಲ ತುಳಿಯದಂತೆ ಗೋಡೆಯ ಬದಿಯಿಂದ ನಡೆದು ಹೋದಳು.

ಆಮೇಲೆ ಬಸ್ಸು ತಪ್ಪಿದ ದಿನ ಅವಳು ಸಿಕ್ಕ ಬಸ್ಸಿನಲ್ಲಿ ಕಂಪ್ಲಿಯ ತನಕ ಹೋಗಿ, ಅಲ್ಲಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗುತ್ತಿದ್ದಳು. ಶ್ರೀವಾಣಿ ಕರೆದರೆ, "ಬ್ಯಾಡ ಬಿಡ್ರಿ ಅಮ್ಮಾರ, ಕಂಪ್ಲ್ಯಾಗ ನಮ್ಮವ್ರು ಅದಾರ" ಎನ್ನುವಳು. ಕಂಪ್ಲಿಯಲ್ಲಿ ಅವಳವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶ್ರೀವಾಣಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಪಟ್ಟಿಯನ್ನು ಬೇಗ ತರುವ ಉಪಾಯ. ತರಬೇತಿ ಕೇಂದ್ರದಲ್ಲಿ ಅವಳೇ ಅದನ್ನು ಪಾಠ ಮಾಡಿದ್ದಳು. ಸಂಜೆ ಕೇಳಿದಾಗ ಎಲ್ಲವನ್ನೂ ಕೂಡಿಸುವ ಬದಲು, ತೂಕ ಬಂದ ಬಂದ ಹಾಗೆ ಆ ಲಾರಿಯ ಹೆಸರಿನ ಒಂದೇ ಸಾಲಿಗೆ ಸೇರಿಸುತ್ತಾ ಹೋದರೆ ಮೊತ್ತ ಯಾವಾಗಲೂ ಸಿದ್ಧವಾಗಿರುತ್ತದೆ. ಸಂಜೆ ಓದಿದರೆ ಸಾಕು. ಮಾಡೋಣ, ಮುಂದಿನ ವಾರ ಮಾಡೋಣ ಎಂದುಕೊಳ್ಳುತ್ತಾ ಅವಳು ದಿನ ನೂಕುತ್ತಿದ್ದಳು. ಪಟ್ಟಿ ಬೇಗ ಬಂದರೆ ಆ ತಾಸು ಇರುವುದಿಲ್ಲ. ಸುಂಕಲಮ್ಮ ಗೋಡೆಗೆ ಒರಗಿ ಕೂರುವುದಿಲ್ಲ.

ಒಂದು ಸಂಜೆ ಸುಂಕಲಮ್ಮನೇ ಕೇಳಿದಳು.

"ಅಮ್ಮಾರ, ಒಂದ್ ಮಾತು. ಬೈಬಾರ್ದು ನೋಡ್ರಿ ಮತ್ತ."

"ಹೇಳ್ರಿ."

"ಇದನ್ನ ಜಲ್ದಿ ಓಡಸಾಕ ಬರಂಗಿಲ್ಲೇನ್ರಿ? ಎಮ್ಮಿ ಈದೈತಿ. ನನ್ ಕೈಗೆ ಬಿಟ್ರ ಯಾರ್ ಕೈಗೂ ಹಾಲು ಬಿಡವಲ್ದು. ನಿನ್ನೆ ಪಕ್ಕದ ಮನಿ ಹಂಪಮ್ಮ ಹಿಂಡಾಕ ಹೋಗಿ ಒದಿಸ್ಕೊಂಡಾಳ. ಅದು ಕೂಗಾದು ಕೇಳಿ ಓಣ್ಯಾಗಿನವ್ರು, ಏ ಸುಂಕ್ಲಿ, ಲಾರಿ ತಂದು ದನದ ಮನ್ಯಾಗ ಕಟ್ಟು, ಎಮ್ಮಿ ಒಯ್ದು ಹೊಸಪೇಟ್ಯಾಗ ಪಾಳಿ ಹಚ್ಚು ಅಂತಾರ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಶ್ರೀವಾಣಿ, "ಬರ್ತದ" ಎಂದಳು.

"ಏನ್ ಬರ್ತದ್ರಿ?"

"ಜಲ್ದಿ ಓಡಸ್ಲಿಕ್ಕೆ ಬರ್ತದ."

"ಹಂಗಾರ ಇಷ್ಟ್ ದಿನ ಯಾಕ ಬಿಟ್ಟಿದ್ರಿ?" ಸುಂಕಲಮ್ಮನ ದನಿಯಲ್ಲಿ ದೂರು ಇರಲಿಲ್ಲ. ಕೇಳಬೇಕೆನಿಸಿ ಕೇಳಿದ್ದಳು, ಅಷ್ಟೇ.

"ಪುರಸೊತ್ತು ಆಗಿರ್ಲಿಲ್ಲ," ಎಂದಳು ಶ್ರೀವಾಣಿ. ಆ ಕೋಣೆಯಲ್ಲಿ ಆ ಹೊತ್ತಿನಲ್ಲಿ ಇಬ್ಬರಿಗೂ ಇದ್ದದ್ದು ಪುರಸೊತ್ತೊಂದೇ.

ಮರುದಿನವೇ ಕೆಲಸಕ್ಕೆ ಕೂತಳು. ಲಾರಿಗೊಂದು ಸಾಲಿನ ಹೊಸ ಟೇಬಲ್ ಮಾಡಿದಳು. ತುಂಬಿದ ಲಾರಿ ವೇಬ್ರಿಡ್ಜ್ ಹತ್ತಿದ ಕೂಡಲೇ ಆ ತೂಕ ಅದರ ಸಾಲಿಗೆ ಕೂಡಬೇಕು, ಖಾಲಿಯಾಗಿ ಹತ್ತಿದ ಕೂಡಲೇ ಆ ತೂಕ ಕಳೆಯಬೇಕು, ಉಳಿದದ್ದು ಅದಿರು. ಪಾಡ್ಯದಿಂದ ಇಲ್ಲಿಯವರೆಗಿನ ತೂಕಗಳನ್ನೆಲ್ಲ ಇದೇ ದಾರಿಯಲ್ಲಿ ಒಮ್ಮೆ ಓಡಿಸಿ ಮೊತ್ತಗಳನ್ನು ಕೂರಿಸಿದಳು. ಪಟ್ಟಿಯ ಮೇಲಿನ ಕೆಲವು ಸಾಲುಗಳನ್ನು ಹಳೆಯದರ ಜೊತೆ ಹೋಲಿಸಿ ನೋಡಿದಳು. ಸರಿ ಇದ್ದವು. ಅವೆಲ್ಲ ಸಂಘಕ್ಕೆ ಆಗಷ್ಟೇ ಸೇರಿದ ಲಾರಿಗಳು. ಅದಿರು ಕಡಿಮೆ ಹೊತ್ತಿದ್ದರಿಂದಲೇ ಮೇಲಿದ್ದವು. ಅದು ಅವಳಿಗೆ ಆಗ ಹೊಳೆಯಲಿಲ್ಲ.

ಆ ಸಂಜೆ ಅವಳು ಗುಂಡಿ ಒತ್ತಿದ್ದೇ ತಡ, ಪ್ರಿಂಟರ್ ಕಿರುಗುಟ್ಟತೊಡಗಿತು. ಎರ್ರಿಯಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅನುಮಾನದಿಂದಲೇ ಮೈಕ್ ಹಿಡಿದ. ಕೂಗುತ್ತಾ ಹೋದಂತೆ ಅಂಗಳದಲ್ಲಿ ಗುಜುಗುಜು ಎದ್ದಿತು. ಹಿಂದಿನ ದಿನ ಮುಂದಿದ್ದ ಸುಂಕಲಮ್ಮನ ಲಾರಿ ಎಲ್ಲೋ ಕೆಳಗೆ ಬಿದ್ದಿತ್ತು. ಅವಳದೊಂದೇ ಅಲ್ಲ.

"ಲೇ ಎರ್ರಿಯಪ್ಪ, ಮೈಕ್ ಉಲ್ಟಾ ಹಿಡಿದೀಯೇನ್ ನೋಡ್ಕೋ!" ಎಂದು ಕೂಗಿದವನು ಹೊನ್ನೂರಪ್ಪ. ಎರಡು ಲಾರಿಯ ಮಾಲೀಕ, ಅಂಗಳದ ಬಾಯಿ. "ನಿನ್ನೆ ಮ್ಯಾಲಿದ್ದಾವ್ರು ಪಾತಾಳಕ್ಕ ಹೋಗ್ಯಾರ!"

"ನಾ ಬರದಿದ್ದಲ್ಲೋ ಮಾರಾಯ. ಕಂಪ್ಯೂಟರ್ ಕೊಟ್ಟೈತಿ."

"ನಿನ್ ಕಂಪ್ಯೂಟರಿಗೆ ದೇವ್ರಂದ್ರ ಆಗಂಗಿಲ್ಲ ಕಾಣತೈತಿ. ನೋಡ್ರಲೇ, ಅಮಾಸಿ ಅಮಾಸಿಗೆ ಕಾಯಿ ಒಡದಾವ್ರೆಲ್ಲ ಹಿಂದ, ನನ್ನಂಗ ಅಮಾಸಿ ದಿನ ಕುಡದು ಮಕ್ಕಂಡಾವ್ರು ಮುಂದ! ಇನ್ಮ್ಯಾಲೆ ಎಲ್ರೂ ನನ್ ಕೂಡ ಬರ್ರಿ, ಮಸ್ತ್ ಪಾಳಿ ಸಿಗತೈತಿ!"

ಅಂಗಳ ನಕ್ಕಿತು. ಆದರೆ ಹಿಂದೆ ಬಿದ್ದವರು ನಗಲಿಲ್ಲ. ಎರ್ರಿಯಪ್ಪ ಕೋಣೆಗೆ ಬಂದ. "ಮೇಡಂ, ಹಳೇದ ಓಡಸ್ರಿ. ತಡ ಆದ್ರ ಆಗ್ಲಿ, ಸರಿ ಇರ್ಲಿ. ನಾಳಿಂದನೂ ಅದ ನಡೀಲಿ ಬಿಡ್ರಿ. ಒಂದ್ ತಾಸು ಕುಂತ್ರ ಯಾರ ಗಂಟು ಹೋಗತೈತಿ?"

ಶ್ರೀವಾಣಿ ಹಳೆಯ ಪಟ್ಟಿಗೆ ಗುಂಡಿ ಒತ್ತಿ ಕೂತಳು. ನಾಚಿಕೆ ನಿಧಾನವಾಗಿ ಇಳಿದಂತೆ, ಅದರ ಅಡಿಯಲ್ಲಿ ಒಂದು ಸಣ್ಣ ಸಮಾಧಾನ ಇರುವುದು ಅವಳಿಗೆ ತಿಳಿಯಿತು. ಪ್ರಯತ್ನ ಮಾಡಿದ್ದಾಯಿತು, ಆಗಲಿಲ್ಲ, ಬೇಡವೆಂದು ಎಲ್ಲರೂ ಹೇಳುತ್ತಿದ್ದಾರೆ. ಇನ್ನು ಅವಳು ಏನೂ ಮಾಡಬೇಕಾಗಿಲ್ಲ. ಏನೂ ಮಾಡದಿದ್ದರೆ ಈ ತಾಸು ಅವಳದೇ.

ಸುಂಕಲಮ್ಮ ಬಂದು ಗೋಡೆಗೆ ಒರಗಿ ಕೂತಳು. "ಇವತ್ತೂ ಕೂಗಿ ಕೂಗಿ ಸಾಯತೈತಿ ನನ್ನೆಮ್ಮಿ," ಎಂದು ನಕ್ಕಳು. ಪಟ್ಟಿಯಲ್ಲಿ ಹಿಂದೆ ಬಿದ್ದದ್ದರ ಬಗ್ಗೆ ಕೇಳಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರುವುದನ್ನು ನೋಡುತ್ತಾ, ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಅವಳು ಹೀಗೆ ಸುಮ್ಮನೆ ಕೂತದ್ದನ್ನು ಶ್ರೀವಾಣಿ ಕಂಡಿರಲಿಲ್ಲ. ತಾನು ಕಾಯ್ದುಕೊಳ್ಳಬೇಕೆಂದಿದ್ದ ತಾಸು ಇದೇ ಏನು ಎಂದು ಅನ್ನಿಸಿತು.

"ಸುಂಕಲಮ್ಮ, ಹೊನ್ನೂರಪ್ಪ ಏನೋ ಅಂದ್ರಲ್ಲ. ಅಮಾಸಿ ದಿನ ಇಲ್ಲಿ ಏನ್ ಮಾಡ್ತೀರಿ?"

ಸುಂಕಲಮ್ಮನ ಮುಖ ಅರಳಿತು. "ನಿಮಗ ಗೊತ್ತಿಲ್ಲೇನ್ರಿ? ಗಾಡಿ ತೊಳದು, ಹೂವಿನ ಸರ ಹಾಕಿ, ಗಾಲಿಗೆ ನಿಂಬಿಹಣ್ಣು ಇಟ್ಟು, ಆ ತೂಕದ ಕಟ್ಟಿ ಮ್ಯಾಲೆ ಹತ್ತಿಸಿ ಕಾಯಿ ಒಡೀತೀವಿ. ಅಮಾಸಿಗೆ ಗುಡ್ಡಕ್ಕ ಹೋಗಂಗಿಲ್ಲ. ಆದ್ರ ಗಾಡಿ ಸುಮ್ನ ನಿಂತಂಗ ಆಗಬಾರ್ದು ನೋಡ್ರಿ. ಅದಕ್ಕ ತೂಕದಾಂವ ಒಂದ್ ಚೀಟಿ ಹರದು ಕೊಡ್ತಾನ. ಕುಂಕುಮ ಹಚ್ಚಿ ಡ್ರೈವರ್ ಮುಂದ ಅಂಟಸ್ತೀವಿ. ಎಲ್ರೂ ಬಂದಿರ್ತಾರ, ಹೆಣ್ಮಕ್ಳು, ಸಣ್ಣ ಕೂಸು ಸುದ್ದಾ. ನೀವ ಒಬ್ರು ಇರಂಗಿಲ್ಲ."

ಅಮಾವಾಸ್ಯೆಗೆ ಪಟ್ಟಿ ಇಲ್ಲ. ಅವತ್ತು ಶ್ರೀವಾಣಿಗೆ ರಜೆ. ಕೋಣೆಯಲ್ಲಿ ಬಟ್ಟೆ ಒಗೆದು, ಒಣಗುವುದನ್ನು ನೋಡುತ್ತಾ ಕೂರುವ ದಿನ.

"ನನಗ ಯಾರೂ ಹೇಳ್ಲಿಲ್ಲ," ಎಂದಳು.

"ಅಯ್ಯ, ಹೇಳ್ಬೇಕೇನ್ರಿ? ನಮ್ಮ ಗದ್ದಲ ನಿಮಗ ಸೇರಂಗಿಲ್ಲ ಅಂತ ನಾವ ತಿಳ್ಕಂಡಿದ್ವಿ."

ಶ್ರೀವಾಣಿ ಪರದೆಯ ಕಡೆ ತಿರುಗಿ ಕೇಳಿದಳು: "ಅವತ್ತು ಎಷ್ಟು ಸಲ ತೂಗ್ತಾರ?"

"ಒಂದ ಸಲ. ಎರಡ್ನೇದು ಯಾಕ್ರಿ? ಇಳಸಾಕ ಏನೈತಿ ಅದ್ರಾಗ?"

ಅಲ್ಲೇ ಇತ್ತು ತಪ್ಪು. ಪೂಜೆಯ ದಿನ ಖಾಲಿ ಲಾರಿಯ ತೂಕ ಮೊದಲ ತೂಕವಾಗಿ ದಾಖಲಾಗುತ್ತಿತ್ತು. ಕಳೆಯಲು ಎರಡನೆಯದು ಬರುತ್ತಲೇ ಇರಲಿಲ್ಲ. ಹಳೆಯ ದಾರಿಯಲ್ಲಿ ಎರಡೂ ತೂಕ ಸಿಗದ ಚೀಟಿ ತಾನಾಗಿ ಬಿಟ್ಟುಹೋಗುತ್ತಿತ್ತು. ಅವಳ ಹೊಸ ದಾರಿ ಮೊದಲ ತೂಕವನ್ನು ಕಂಡ ಕೂಡಲೇ ಕೂಡಿಸಿಬಿಟ್ಟಿತ್ತು. ತಿಂಗಳು ತಿಂಗಳೂ ಹೂವಿನ ಸರ ಹಾಕಿಕೊಂಡು ಹತ್ತಿದ ಲಾರಿಗಳ ಮೈಭಾರವೇ ಅದಿರಾಗಿ ಅವುಗಳ ಸಾಲಿನಲ್ಲಿ ಕೂತಿತ್ತು. ಅವಳು ಹೋಲಿಸಿ ನೋಡಿದ್ದ ಹೊಸ ಲಾರಿಗಳು ಇನ್ನೂ ಒಂದು ಅಮಾವಾಸ್ಯೆಯನ್ನೂ ಕಂಡಿರಲಿಲ್ಲ.

ಹಳೆಯ ಪಟ್ಟಿ ಬಂದಾಗ ಬಿಸಿಲು ಹೋಗಿತ್ತು. ಸುಂಕಲಮ್ಮ ತನ್ನ ಸರದಿಗೆ "ಇದ್ದೀನ್ರಿ" ಎಂದು ಕೂಗಿ, ಕಂಪ್ಲಿಯ ಬಸ್ಸಿಗೆ ನಡೆದಳು. ಶ್ರೀವಾಣಿ ಈ ಸಲ ಅವಳನ್ನು ಮನೆಗೆ ಕರೆಯಲಿಲ್ಲ. ಕರೆದರೆ ಕಂಪ್ಲಿಯಲ್ಲಿ ನಮ್ಮವರಿದ್ದಾರೆ ಎಂದು ಅವಳು ಇನ್ನೊಮ್ಮೆ ಹೇಳಬೇಕಾಗುತ್ತಿತ್ತು.

ಬೆಳಿಗ್ಗೆ ಶ್ರೀವಾಣಿ ಬೇಗ ಬಂದು ಕೋಣೆಯ ಬೀಗ ತೆಗೆದಳು. ಸರಿಪಡಿಸಬೇಕಾದದ್ದು ಸ್ವಲ್ಪವೇ. ಮೊದಲ ತೂಕ ಬಂದಾಗ ಸುಮ್ಮನಿರಬೇಕು. ಎರಡನೆಯದು ಬಂದಾಗಲೇ ಮೊದಲನೆಯದನ್ನು ಹುಡುಕಿ, ಕಳೆದು, ಬಂದ ಅದಿರನ್ನಷ್ಟೇ ಸಾಲಿಗೆ ಸೇರಿಸಬೇಕು. ಎರಡನೆಯದು ಬಾರದ ಚೀಟಿ ಯಾರ ಮೇಲೂ ಭಾರವಾಗುವುದಿಲ್ಲ. ಮೊತ್ತಗಳನ್ನೆಲ್ಲ ಅಳಿಸಿ ಮತ್ತೆ ಕೂರಿಸಿದಳು. ಈ ಸಲ ಮೇಲಿನ ಕೆಲವನ್ನು ನೋಡಿ ಬಿಡಲಿಲ್ಲ. ಮಧ್ಯಾಹ್ನ ಹಳೆಯ ಪಟ್ಟಿಯನ್ನೂ ಓಡಿಸಿ, ಊಟದ ಡಬ್ಬಿ ಬಿಚ್ಚದೆ, ಒಂದೊಂದು ಲಾರಿಯನ್ನೂ ಬೆರಳಿಟ್ಟು ಹೋಲಿಸಿದಳು. ಎಲ್ಲವೂ ಕೂಡಿದವು.

ಸಂಜೆ ಎರ್ರಿಯಪ್ಪ ಮಧ್ಯಾಹ್ನ ಹೋಲಿಸಿದ ಎರಡು ಕಾಗದಗಳನ್ನೂ ಪಕ್ಕ ಪಕ್ಕ ಹಿಡಿದು ನೋಡಿ, ತಲೆ ಕೆರೆದುಕೊಂಡು, ಹೊಸ ದಾರಿಯಲ್ಲಿ ಬಂದ ಸಂಜೆಯ ಪಟ್ಟಿಯನ್ನೇ ಕೂಗಿದ. ಜಗಳಕ್ಕೆ ಸಿದ್ಧವಾಗಿ ನಿಂತಿದ್ದ ಹೊನ್ನೂರಪ್ಪ, "ಹೋಯ್ತಲೇ ನನ್ ಪಾಳಿ! ದೇವ್ರು ಮತ್ತ ಒಳಗ ಬಂದ ನೋಡು!" ಎಂದು ಹಣೆ ಚಚ್ಚಿಕೊಂಡು ಬೈಕ್ ಹತ್ತಿದ. ಮಿರ್ಚಿ ಗಾಡಿಯವನ ಎಣ್ಣೆ ಕಾಯುವಷ್ಟರಲ್ಲಿ ಅಂಗಳ ಅರ್ಧ ಖಾಲಿಯಾಗಿತ್ತು.

ಸುಂಕಲಮ್ಮ ಕಿಟಕಿಯ ಹತ್ತಿರ ಬಂದಳು. ಒಳಗೆ ಬರಲಿಲ್ಲ.

"ಅಮ್ಮಾರ, ಕುಂದ್ರಾಕೂ ಬಿಡ್ಲಿಲ್ಲ ನೋಡ್ರಿ ನಿಮ್ಮ ಮಿಷನ್ನು!"

"ಬಸ್ ಸಿಗ್ತದಲ್ಲ?"

"ಸಿಗತೈತ್ರಿ. ಇನ್ನಾ ಬಿಸಿಲೈತಿ. ನೀವೂ ಈಗ ಜಲ್ದಿ ಮನೀಗೆ ಹೋಗಬೌದು."

"ಹೂಂ, ಹೋಗ್ಬೌದು."

"ಬರ್ತೀನ್ರಿ ಹಂಗಾರ. ತಪ್ಪಿದ್ರ ಮತ್ತ ಕಷ್ಟ."

ಗೇಟಿನ ತನಕ ಅವಳು ನಡೆಯಲಿಲ್ಲ, ಓಡಿದಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಳು, ಇನ್ನೊಂದರಲ್ಲಿ ಚೀಲ. ತಿರುಗಿ ನೋಡಲಿಲ್ಲ. ಹಾಗೆ ತಿರುಗಿ ನೋಡದೆ ಓಡಿಹೋಗಲೆಂದೇ ಅಲ್ಲವೇ ಇದನ್ನೆಲ್ಲ ಮಾಡಿದ್ದು ಎಂದು ಶ್ರೀವಾಣಿ ತನಗೆ ತಾನೇ ಹೇಳಿಕೊಂಡಳು. ರಸ್ತೆಯಲ್ಲಿ ಬಸ್ ನಿಲ್ದಾಣದ ಕಡೆಯ ಆಟೋ ನಿಂತಿತು, ಅವಳನ್ನು ಹತ್ತಿಸಿಕೊಂಡು ಹೊರಟಿತು.

ಅಂಗಳದಲ್ಲಿ ಯಾರೂ ಇರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ, ಬೆನ್ನು ಒರಗಿ ಒರಗಿ, ಸುಣ್ಣ ನುಣುಪಾದ ಒಂದು ಜಾಗವಿತ್ತು. ಅದನ್ನು ಅವಳು ಮೊದಲು ಗಮನಿಸಿರಲಿಲ್ಲ.

ಮನೆಗೆ ಹೊರಡಬಹುದಿತ್ತು. ಅವಳು ಪಟ್ಟಿಯನ್ನು ಇನ್ನೊಮ್ಮೆ ಓಡಿಸಿದಳು. ಬೆರಳು ಎತ್ತುವುದರೊಳಗೆ ಪರದೆಯ ಮೇಲೆ ಸಾಲುಗಳು ಬಂದು ನಿಂತವು. ಮತ್ತೊಮ್ಮೆ ಓಡಿಸಿದಳು. ಅದೇ ಪಟ್ಟಿ, ಅಷ್ಟೇ ಬೇಗ. ಸುಂಕಲಮ್ಮನ ಲಾರಿ ಅದರದೇ ಜಾಗದಲ್ಲಿತ್ತು. ಬಸ್ಸು ಈಗ ಬುಕ್ಕಸಾಗರ ದಾಟುತ್ತಿರಬಹುದು ಎಂದು ಅನ್ನಿಸುವ ತನಕ ಹಾಗೆಯೇ ಕೂತಿದ್ದು, ಕಂಪ್ಯೂಟರ್ ಆರಿಸಿ ಎದ್ದಳು. ಹೊರಗೆ ಇನ್ನೂ ಬೆಳಕಿತ್ತು.